ಸೂಪರ್‌ಹೀರೋ ಚಿತ್ರದ ಪಾರ್ಟ್ 2 ಗೆಲ್ಲಬೇಕಾ? ಹಳೇ ಸಾಲದಿಂದ ಶುರು ಮಾಡಿ

ಸೂಪರ್‌ಹೀರೋ ಕಥೆಯ ಮೊದಲ ಭಾಗ ಬರೆಯುವವರಿಗೆ ಒಂದು ದೊಡ್ಡ ಅನುಕೂಲ ಇದೆ. ಮಾಮೂಲಿ ಹುಡುಗನೊಬ್ಬನಿಗೆ ಇದ್ದಕ್ಕಿದ್ದ ಹಾಗೆ ಶಕ್ತಿ ಬರುತ್ತದೆ, ಹೆದರುತ್ತಾನೆ, ಗೋಡೆ ಹತ್ತಿ ನೋಡುತ್ತಾನೆ, ಡ್ರೆಸ್ ಮಾಡಿಕೊಳ್ಳುತ್ತಾನೆ, ಒಂದು ದಿನ ಹಾರಿಯೇಬಿಡುತ್ತಾನೆ. ನಮಗೆ ಅಷ್ಟೇ ಸಾಕು. ಎರಡನೇ ಭಾಗಕ್ಕೆ ಬಂದಾಗ ಆ ಬೆರಗು ಖರ್ಚಾಗಿರುತ್ತದೆ. ಅವನು ಹಾರುತ್ತಾನೆ ಅಂತ ಮಕ್ಕಳಿಗೂ ಗೊತ್ತು. ಆಗ ಎಲ್ಲರಿಗೂ ಮೊದಲು ಹೊಳೆಯುವ ಉಪಾಯ ಒಂದೇ: ಎಲ್ಲವನ್ನೂ ಡಬಲ್ ಮಾಡೋಣ. ಇಬ್ಬರು ವಿಲನ್, ಎರಡರಷ್ಟು ಫೈಟ್, ಒಡೆದು ಬೀಳುವ ಕಟ್ಟಡಗಳೂ ಜಾಸ್ತಿ.

ಸೋಲು ಶುರುವಾಗುವುದು ಅಲ್ಲೇ.

ಗೆದ್ದ ಸೀಕ್ವೆಲ್‌ಗಳನ್ನು ಬಿಚ್ಚಿ ನೋಡಿದರೆ ಒಳಗೆ ಬೇರೆ ಕೆಲಸ ನಡೆದಿರುತ್ತದೆ. ಹೀರೋ ಆಗಿದ್ದಕ್ಕೆ ಆ ಮನುಷ್ಯ ಏನೇನು ಕಳೆದುಕೊಂಡ ಅನ್ನುವ ಲೆಕ್ಕ ಅದು. ಅದನ್ನು ಹಂತ ಹಂತವಾಗಿ ತೋರಿಸಲು ನನಗೆ ತುಂಬಾ ಇಷ್ಟವಾದ ಒಂದೇ ಚಿತ್ರ ಹಿಡಿದುಕೊಳ್ಳುತ್ತೇನೆ. 2004ರ 'ಸ್ಪೈಡರ್‌ಮ್ಯಾನ್ 2'. ನಿರ್ದೇಶಕ ಸ್ಯಾಮ್ ರೈಮಿ, ಸ್ಪೈಡರ್‌ಮ್ಯಾನ್ ಆಗುವ ಹುಡುಗ ಪೀಟರ್ ಪಾರ್ಕರ್ ಆಗಿ ಟೋಬಿ ಮೆಗ್ವೈರ್.

ಮೊದಲು, ಸಾಲದ ಪಟ್ಟಿ ಮಾಡಿ

ಹೊಸ ಕಥೆ ಯೋಚಿಸುವ ಮುಂಚೆ ಹಳೇ ಚಿತ್ರದ ಕೊನೇ ಹತ್ತು ನಿಮಿಷ ಮತ್ತೆ ನೋಡಿ. ಏನೇನು ಬಾಕಿ ಉಳಿದಿದೆ, ಬರೆದುಕೊಳ್ಳಿ. 2002ರ ಮೊದಲ ಭಾಗದ ಕೊನೆಯಲ್ಲಿ ಸ್ಮಶಾನದಲ್ಲಿ ಮೇರಿ ಜೇನ್ ತನ್ನ ಪ್ರೀತಿ ಹೇಳಿಕೊಳ್ಳುತ್ತಾಳೆ, ಪೀಟರ್ ಮನಸ್ಸಿದ್ದೂ ಬೇಡ ಅಂತ ಹೊರಟುಬಿಡುತ್ತಾನೆ. ಅಪ್ಪನನ್ನು ಕೊಂದಿದ್ದು ಸ್ಪೈಡರ್‌ಮ್ಯಾನ್ ಅಂತ ಗೆಳೆಯ ಹ್ಯಾರಿ ನಂಬಿದ್ದಾನೆ. ಇನ್ನು ಪೀಟರ್‌ನನ್ನು ಸಾಕಿದ ಬೆನ್ ಅಂಕಲ್‌ನನ್ನು ಕೊಂದ ಕಳ್ಳನನ್ನು ಪೀಟರೇ ಬಿಟ್ಟು ಕಳಿಸಿದ್ದ ಅನ್ನುವುದು ಬೆನ್ ಹೆಂಡತಿ ಮೇ ಆಂಟಿಗೆ ಗೊತ್ತೇ ಇಲ್ಲ. ಮೂರು ಸಾಲ. ಎರಡನೇ ಭಾಗದಲ್ಲಿ ಈ ಮೂರೂ ಸತ್ಯ ಹೊರಗೆ ಬರುತ್ತವೆ, ಒಂದೊಂದು ಸಲವೂ ಪೀಟರ್‌ಗೆ ನೋವಾಗುತ್ತದೆ.

2005ರ 'ಬ್ಯಾಟ್‌ಮ್ಯಾನ್ ಬಿಗಿನ್ಸ್' ಕೂಡ ಹೀಗೇ ಮುಗಿಯುತ್ತದೆ. ನೀನು ಮುಖವಾಡ ಹಾಕಿ ಬಂದೆ, ಇನ್ನು ಆ ಕಡೆಯವರೂ ಒಂದು ಕೈ ಮೇಲೆ ಹೋಗುತ್ತಾರೆ ಅನ್ನುವ ಆತಂಕವನ್ನು ಪೊಲೀಸ್ ಅಧಿಕಾರಿ ಗಾರ್ಡನ್ ಮಹಡಿ ಮೇಲೆ ನಿಂತು ಹೇಳುತ್ತಾನೆ, ಆಮೇಲೆ ಇಸ್ಪೀಟಿನ ಜೋಕರ್ ಎಲೆಯೊಂದನ್ನು ತೋರಿಸುತ್ತಾನೆ. ಅದರ ಎರಡನೇ ಭಾಗ, 2008ರ 'ದಿ ಡಾರ್ಕ್ ನೈಟ್' ಪೂರ್ತಿ ನಿಂತಿರುವುದು ಆ ಒಂದು ಮಾತಿನ ಮೇಲೆ. ಮೊದಲನೆಯದು ಜಗತ್ತಿನಾದ್ಯಂತ ಗಳಿಸಿದ್ದು ಸುಮಾರು 37 ಕೋಟಿ ಡಾಲರ್, ಎರಡನೆಯದು 100 ಕೋಟಿ ದಾಟಿತು.

ಹಳೇ ಕಥೆ ನೆನಪಿಸಲು ಮಾತು ಖರ್ಚು ಮಾಡಬೇಡಿ. ರೈಮಿ ಟೈಟಲ್ ಕಾರ್ಡ್‌ಗಳ ನಡುವೆ ಕಾಮಿಕ್ಸ್ ಕಲಾವಿದ ಅಲೆಕ್ಸ್ ರಾಸ್ ಬರೆದ ಚಿತ್ರಗಳನ್ನು ಹಾಕಿ, ಹೆಸರುಗಳು ಮುಗಿಯುವಷ್ಟರಲ್ಲಿ ಹಿಂದಿನ ಕಥೆಯನ್ನೂ ಮುಗಿಸಿಬಿಟ್ಟರು.

ಆಮೇಲೆ, ಹೀರೋನ ಮನೆ ಖರ್ಚು ಬರೆಯಿರಿ

ನನ್ನ ಪ್ರಕಾರ ಅತಿ ಮುಖ್ಯವಾದ ಹೆಜ್ಜೆ ಇದು, ಆದರೆ ಜಾಸ್ತಿ ಜನ ಹಾರಿಸುವುದೂ ಇದನ್ನೇ. ಸ್ಪೈಡರ್‌ಮ್ಯಾನ್ 2 ಶುರುವಾಗುವುದು ಪಿಜ್ಜಾ ಡೆಲಿವರಿಯಿಂದ. 29 ನಿಮಿಷದೊಳಗೆ ತಲುಪಿಸಬೇಕು. ದಾರಿಯಲ್ಲಿ ಮಕ್ಕಳ ಜೀವ ಉಳಿಸಲು ನಿಂತು ತಡವಾಗುತ್ತದೆ. ಡ್ರೆಸ್ ಬದಲಿಸಲು ಪೊರಕೆ ಇಡುವ ಸಣ್ಣ ಕೋಣೆಗೆ ನುಗ್ಗುತ್ತಾನೆ. ಹೊರಗೆ ಬರುವಾಗ ಪೊರಕೆಗಳು ಒಂದೊಂದಾಗಿ ಬೀಳುತ್ತವೆ, ಎತ್ತಿ ನಿಲ್ಲಿಸಿದರೆ ಮತ್ತೆ ಬೀಳುತ್ತವೆ. ಕೌಂಟರ್‌ನಲ್ಲಿ ಕೂತಾಕೆ ಸುಮ್ನೆ ನೋಡುತ್ತಿರುತ್ತಾಳೆ, ಕೊನೆಗೆ ತಡವಾಯಿತು ಅಂತ ದುಡ್ಡು ಕೊಡುವುದಿಲ್ಲ. ಅವನ ಕೆಲಸ ಹೋಗುತ್ತದೆ. ಬಾಡಿಗೆ ಬಾಕಿ, ಕಾಲೇಜಿನಲ್ಲಿ ಪಾಠ ಬಾಕಿ, ಮೇರಿ ಜೇನ್ ನಾಟಕಕ್ಕೆ ತಡವಾಗಿ ಹೋದರೆ ಬಾಗಿಲಲ್ಲಿ ನಿಂತವನು ಒಳಗೇ ಬಿಡುವುದಿಲ್ಲ.

ನಾನು ಇದನ್ನು ಮೊದಲು ನೋಡಿದ್ದು ಇಂಗ್ಲಿಷ್‌ನಲ್ಲಿ, ಕೇಬಲ್ ಟಿವಿಯಲ್ಲಿ, ಊರಿನ ನಡುಮನೆಯಲ್ಲಿ ಅಮ್ಮನ ಜೊತೆ ಕೂತು. ಆಗ ಇಂಥ ಚಿತ್ರಗಳು ಕನ್ನಡಕ್ಕೆ ಡಬ್ ಆಗುತ್ತಿರಲಿಲ್ಲ. ಅರ್ಧ ಮಾತು ತಿಳಿಯಲಿಲ್ಲ. ಆದರೆ ಒಂದು ದೃಶ್ಯಕ್ಕೆ ಭಾಷೆಯೇ ಬೇಕಾಗಲಿಲ್ಲ. ಪೀಟರ್ ಹುಟ್ಟುಹಬ್ಬದ ರಾತ್ರಿ, ಎಲ್ಲರೂ ಹೋಗಿದ್ದಾರೆ. ಮನೆಯ ಸಾಲದ ಬಗ್ಗೆ ಬ್ಯಾಂಕಿನಿಂದ ಬಂದ ಕಾಗದ ಅವನ ಕಣ್ಣಿಗೆ ಬೀಳುತ್ತದೆ. ಮೇ ಆಂಟಿ 20 ಡಾಲರ್ ತೆಗೆದು ಅವನ ಕೈಗೆ ಕೊಡುತ್ತಾಳೆ. ಅವಳ ಕಷ್ಟ ಗೊತ್ತಿರುವ ಅವನು ಬೇಡ ಅನ್ನುತ್ತಾನೆ. ಆಗ ಆ ಸೌಮ್ಯ ಮುದುಕಿ ಒಮ್ಮೆಗೇ ದನಿ ಏರಿಸಿ, ತಗೋ ಅಂತ ಗದರಿ, ಮರುಕ್ಷಣವೇ ಅಳುತ್ತಾಳೆ. ನಮ್ಮಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ರಜೆ ಮುಗಿಸಿ ಹಾಸ್ಟೆಲ್‌ಗೆ ಹೊರಡುವಾಗ ಅಜ್ಜಿ ನನ್ನ ಜೇಬಿಗೆ ತುರುಕುತ್ತಿದ್ದ ಮಡಚಿದ ನೋಟು, ನಾನು ಬೇಡ ಅಂದರೆ ಅವರ ಮುಖದಲ್ಲಿ ಬರುತ್ತಿದ್ದ ಸಿಟ್ಟು, ಎರಡೂ ನೆನಪಾಗಿರಬೇಕು. ಇಂಥ ಒಂದು ದೃಶ್ಯ ನಿಮ್ಮ ಸ್ಕ್ರಿಪ್ಟ್‌ನಲ್ಲಿ ಇದ್ದರೆ, ಮುಂದೆ ಅವನು ಹತ್ತು ಕಟ್ಟಡ ಹಾರಿದರೂ ನಾವು ಅವನ ಜೊತೆಗೇ ಇರುತ್ತೇವೆ.

ಈ ಸುಸ್ತೆಲ್ಲ ಸೇರಿ ಅವನ ಶಕ್ತಿಯೇ ಕೈಕೊಡುತ್ತದೆ. ಬಲೆ ಬರುವುದಿಲ್ಲ, ಕನ್ನಡಕ ಮತ್ತೆ ಬೇಕಾಗುತ್ತದೆ. ಒಂದು ರಾತ್ರಿ ಡ್ರೆಸ್ಸನ್ನು ಗಲ್ಲಿಯ ಕಸದ ಡಬ್ಬಿಗೆ ಹಾಕಿ ನಡೆದುಬಿಡುತ್ತಾನೆ. ಇದು 1967ರ ಸ್ಪೈಡರ್‌ಮ್ಯಾನ್ ಕಾಮಿಕ್ಸ್, 50ನೇ ಸಂಚಿಕೆಯಿಂದ ತೆಗೆದುಕೊಂಡ ದೃಶ್ಯ. ಮೊದಲ ಭಾಗ ಕೊಟ್ಟಿದ್ದನ್ನು ಎರಡನೇ ಭಾಗ ಹೀಗೆ ಕಿತ್ತುಕೊಳ್ಳಬೇಕು.

ವಿಲನ್‌ನನ್ನು ಹೀರೋನ ಪಕ್ಕದ ಮನೆಯಿಂದ ತನ್ನಿ

ಈ ಚಿತ್ರದ ವಿಲನ್ ಡಾಕ್ಟರ್ ಆಕ್ಟೋಪಸ್ ನಮಗೆ ಮೊದಲು ಸಿಗುವುದು ಒಳ್ಳೆಯ ಮೇಷ್ಟ್ರಾಗಿ. ಹೆಂಡತಿ ರೋಸಿ ಜೊತೆ ಊಟಕ್ಕೆ ಕೂತು ಪೀಟರ್ ಜೊತೆ ವಿಜ್ಞಾನ, ಪ್ರೀತಿ ಎರಡರ ಬಗ್ಗೆಯೂ ಮಾತಾಡುತ್ತಾನೆ. ಪೀಟರ್‌ಗೆ ಬೇಕಾದ ಬದುಕು ಅದೇ ಅಲ್ವಾ? ಆ ಬದುಕು ಒಂದು ಪ್ರಯೋಗದಲ್ಲಿ ಒಡೆದುಹೋಗುತ್ತದೆ. ಹೆಂಡತಿ ಸಾಯುತ್ತಾಳೆ, ಬೆನ್ನಿಗೆ ಅಂಟಿದ ನಾಲ್ಕು ಲೋಹದ ತೋಳುಗಳನ್ನು ಹತೋಟಿಯಲ್ಲಿಟ್ಟಿದ್ದ ಚಿಪ್ ಸುಟ್ಟುಹೋಗುತ್ತದೆ. ಆ ತೋಳುಗಳನ್ನು ಎಷ್ಟೋ ಶಾಟ್‌ಗಳಲ್ಲಿ ಗೊಂಬೆಯಾಟದವರು ಕೈಯಿಂದಲೇ ಆಡಿಸಿದ್ದಾರೆ, ಅದಕ್ಕೇ ಅವಕ್ಕೆ ಒಂದೊಂದಕ್ಕೂ ಜೀವ ಇದೆ ಅನ್ನಿಸುತ್ತದೆ. ಚಿತ್ರಕ್ಕೆ ವಿಷುವಲ್ ಎಫೆಕ್ಟ್ಸ್ ಆಸ್ಕರ್ ಬಂತು. ಕೊನೆಯಲ್ಲಿ ಇವನನ್ನು ತಿರುಗಿಸುವುದು ಗುದ್ದಲ್ಲ. ಮುಖವಾಡ ತೆಗೆದು ಎದುರು ನಿಂತ ಪೀಟರ್, ಮೇ ಆಂಟಿ ತನಗೆ ಹೇಳಿದ್ದ ಮಾತನ್ನೇ ಅವನಿಗೆ ಹೇಳುತ್ತಾನೆ, ಆಸೆಪಟ್ಟಿದ್ದನ್ನು ಕೆಲವೊಮ್ಮೆ ಬಿಟ್ಟುಕೊಡಬೇಕಾಗುತ್ತದೆ ಅಂತ. ಆಗ ಅವನು ಆ ಪ್ರಯೋಗದ ಯಂತ್ರವನ್ನು ತಾನೇ ನದಿಗೆ ಮುಳುಗಿಸುತ್ತಾನೆ.

ಒಂದೇ ಫೈಟ್‌ಗೆ ಪ್ರಾಣ ಹಾಕಿ

ಎಲ್ಲರಿಗೂ ನೆನಪಿರುವುದು ರೈಲಿನ ದೃಶ್ಯ. ಕಥೆ ನ್ಯೂಯಾರ್ಕ್‌ನದು, ರೈಲಿನ ಒಂದಷ್ಟು ಚಿತ್ರೀಕರಣ ಶಿಕಾಗೋದ ಎತ್ತರದ ಹಳಿಗಳ ಮೇಲೆ ನಡೆಯಿತು. ಬ್ರೇಕ್ ಹೋಗಿದೆ, ಮುಂದೆ ಹಳಿ ಮುಗಿಯುತ್ತದೆ. ಪೀಟರ್ ಮೊದಲು ಕಾಲು ಕೊಟ್ಟು ನಿಲ್ಲಿಸಲು ನೋಡುತ್ತಾನೆ, ಆಗುವುದಿಲ್ಲ. ಆಮೇಲೆ ಎರಡೂ ಬದಿಯ ಕಟ್ಟಡಗಳಿಗೆ ಬಲೆ ಎಸೆದು ಎಳೆದು ಹಿಡಿಯುತ್ತಾನೆ. ಡ್ರೆಸ್ ಹರಿಯುತ್ತದೆ. ರೈಲು ನಿಲ್ಲುತ್ತದೆ, ಅವನು ಪ್ರಜ್ಞೆ ತಪ್ಪಿ ಮುಂದಕ್ಕೆ ಬೀಳುವಾಗ ಒಳಗಿನಿಂದ ಬಂದ ಕೈಗಳು ಅವನ ಎದೆ ಹಿಡಿದು ಒಳಗೆ ಎಳೆದುಕೊಳ್ಳುತ್ತವೆ. ತಲೆ ಮೇಲೆ ಸಾಗಿಸಿ ನೆಲದ ಮೇಲೆ ಮಲಗಿಸುತ್ತಾರೆ. ಮುಖವಾಡ ಇಲ್ಲದ ಮುಖ ನೋಡಿ, ಇವನಿನ್ನೂ ಹುಡುಗ, ನನ್ನ ಮಗನಿಗಿಂತ ದೊಡ್ಡವನಲ್ಲ ಅನ್ನುತ್ತಾನೆ ಒಬ್ಬ. ಇಬ್ಬರು ಮಕ್ಕಳು ಮುಖವಾಡ ತಂದುಕೊಡುತ್ತಾರೆ. ಫೈಟ್ ಮುಗಿದ ಮೇಲಿನ ಈ ಎರಡು ನಿಮಿಷ ತೆಗೆದುಹಾಕಿ ನೋಡಿ, ಉಳಿಯುವುದು ಬರೀ ರೈಲು.

ಸೇರಿಸುವ ಆಸೆ ತಡೆದುಕೊಳ್ಳಿ

ಇದೇ ತಂಡ 2007ರಲ್ಲಿ ಮೂರನೇ ಭಾಗಕ್ಕೆ ಮೂವರು ಎದುರಾಳಿಗಳನ್ನು ತಂದಿತು. ಸ್ಯಾಂಡ್‌ಮ್ಯಾನ್ ಒಬ್ಬನ ಕಥೆಯೇ ಒಂದು ಚಿತ್ರಕ್ಕೆ ಸಾಕಿತ್ತು, ಕಾಯಿಲೆಯ ಮಗಳಿಗಾಗಿ ಕಳ್ಳನಾದ ಅಪ್ಪ ಅವನು. ಆ ಗಲಾಟೆಯಲ್ಲಿ ಅವನು ಕಳೆದೇಹೋದ. ಹೌದು, ದುಡ್ಡು ಮೂರನೆಯದಕ್ಕೇ ಜಾಸ್ತಿ ಬಂತು, ಸುಮಾರು 89 ಕೋಟಿ ಡಾಲರ್. ಎರಡನೆಯದು ಗಳಿಸಿದ್ದು 79 ಕೋಟಿಯ ಆಸುಪಾಸು, ಮೊದಲನೆಯದಕ್ಕಿಂತಲೂ ಸ್ವಲ್ಪ ಕಡಿಮೆ. ಆದರೂ 17 ವರ್ಷ ಬಿಟ್ಟು, 2021ರ ಸ್ಪೈಡರ್‌ಮ್ಯಾನ್ ಚಿತ್ರದಲ್ಲಿ ಡಾಕ್ಟರ್ ಆಕ್ಟೋಪಸ್ ಪಾತ್ರಧಾರಿ ಆಲ್‌ಫ್ರೆಡ್ ಮೊಲಿನಾ ಅದೇ ನಾಲ್ಕು ತೋಳು ಹೊತ್ತು ಸೇತುವೆ ಮೇಲೆ ಬಂದಾಗ ನಾನು ಕೂತಿದ್ದ ಥಿಯೇಟರ್ ಎದ್ದು ಕೂಗಿತು. ನಾನು ಗೆಲುವು ಅನ್ನುವುದು ಅದನ್ನು. 1997ರ 'ಬ್ಯಾಟ್‌ಮ್ಯಾನ್ ಅಂಡ್ ರಾಬಿನ್' ಮೂವರು ಹೀರೋ, ಮೂವರು ವಿಲನ್ ತಂದಿತ್ತು. ಅದಾದ ಮೇಲೆ 2005ರವರೆಗೆ ಥಿಯೇಟರ್‌ಗೆ ಹೊಸ ಬ್ಯಾಟ್‌ಮ್ಯಾನ್ ಚಿತ್ರವೇ ಬರಲಿಲ್ಲ.

ಹೊಸತು ಬೇಕೇ ಬೇಕು ಅಂದರೆ ಧಾಟಿ ಬದಲಿಸಿ. 2014ರಲ್ಲಿ ಕ್ಯಾಪ್ಟನ್ ಅಮೆರಿಕದ ಎರಡನೇ ಭಾಗ ಗೂಢಚಾರಿ ಕಥೆಯಾಯಿತು. 2023ರ ಅನಿಮೇಷನ್ ಸೀಕ್ವೆಲ್ 'ಅಕ್ರಾಸ್ ದಿ ಸ್ಪೈಡರ್‌ವರ್ಸ್' ಒಂದೊಂದು ಲೋಕಕ್ಕೂ ಒಂದೊಂದು ಚಿತ್ರಶೈಲಿ ಕೊಟ್ಟಿತು, ಮುಂಬಟ್ಟನ್ ಅನ್ನುವ ಊರಿನ ಭಾರತೀಯ ಸ್ಪೈಡರ್‌ಮ್ಯಾನ್ ಪವಿತ್ರ್ ಪ್ರಭಾಕರ್‌ನನ್ನೂ ಕರೆತಂದಿತು. ಅಷ್ಟು ಹೊತ್ತಿಗೆ ಕಾಲ ಬದಲಾಗಿತ್ತು. ಆ ಚಿತ್ರ ಕನ್ನಡದಲ್ಲೂ ಬಂತು.

ಕೊನೇ ಶಾಟ್‌ನಲ್ಲಿ ಹೊಸ ಸಾಲ ಬರೆಯಿರಿ

ಸ್ಪೈಡರ್‌ಮ್ಯಾನ್ 2ರ ಕೊನೆಯಲ್ಲಿ ಮೇರಿ ಜೇನ್ ತನ್ನ ಮದುವೆ ಬಿಟ್ಟು, ಮದುವೆ ಗೌನ್‌ನಲ್ಲೇ ಓಡಿ ಬಂದು ಪೀಟರ್‌ನ ಆ ಹಳೇ ರೂಮಿನ ಬಾಗಿಲಲ್ಲಿ ನಿಲ್ಲುತ್ತಾಳೆ. ಎಲ್ಲ ಗೊತ್ತಿದ್ದೇ ಬಂದಿದ್ದಾಳೆ. ಹೊರಗೆ ಸೈರನ್ ಕೇಳುತ್ತದೆ. ಹೋಗು ಅಂತ ಅವಳೇ ಕಳಿಸುತ್ತಾಳೆ. ಅವನು ಕಟ್ಟಡಗಳ ನಡುವೆ ಖುಷಿಯಲ್ಲಿ ತೂಗುತ್ತಾ ಹೋಗುತ್ತಾನೆ. ಬೇರೆಯವರಾಗಿದ್ದರೆ ಅಲ್ಲಿಗೇ ಮುಗಿಸುತ್ತಿದ್ದರು. ರೈಮಿ ಕ್ಯಾಮೆರಾವನ್ನು ಮತ್ತೆ ಕಿಟಕಿಗೆ ತರುತ್ತಾರೆ. ಅವಳು ಅವನು ಹೋದ ದಾರಿಯನ್ನೇ ನೋಡುತ್ತಿದ್ದಾಳೆ. ಮುಖದ ಮೇಲಿನ ನಗು ಮೆಲ್ಲಗೆ ಇಳಿಯುತ್ತದೆ.