ಎನ್‌ಕ್ಲೆಕ್ಸ್ ಕೇಸ್ ಸ್ಟಡಿ: ಮೊದಲು ಆಯ್ಕೆಗಳನ್ನು ಮುಚ್ಚಿಡಿ

ಅಮೆರಿಕದಲ್ಲಿ ನರ್ಸ್ ಲೈಸೆನ್ಸ್ ಪಡೆಯಲು ಬರೆಯುವ ಪರೀಕ್ಷೆ ಎನ್‌ಕ್ಲೆಕ್ಸ್. ಅದಕ್ಕೆ ಓದುವವರು ನನ್ನ ಹತ್ತಿರ ಬಂದಾಗ ನಾನು ಮೊದಲು ಕೊಡುವುದು ಒಂದು ಖಾಲಿ ಹಾಳೆ. ಕೇಸ್ ಓದಿ, ಪ್ರಶ್ನೆ ಓದಿ, ಉತ್ತರದ ಆಯ್ಕೆಗಳ ಮೇಲೆ ಆ ಹಾಳೆ ಮುಚ್ಚಿ. ಆಯ್ಕೆ ಕಣ್ಣಿಗೆ ಬಿದ್ದ ತಕ್ಷಣ ನಾವು ರೋಗಿಯನ್ನು ಬಿಟ್ಟು ಆಯ್ಕೆಗಳನ್ನೇ ತೂಗುತ್ತಾ ಕೂರುತ್ತೇವೆ. ವಾರ್ಡಿನಲ್ಲಿ ಮಂಚದ ಪಕ್ಕ ಎ, ಬಿ, ಸಿ, ಡಿ ಅಂತ ಬರೆದಿರುವುದಿಲ್ಲ ಅಲ್ವಾ?

ನಾನು ಮಡಿಕೇರಿಯಲ್ಲಿ ಸ್ಟಾಫ್ ನರ್ಸ್. ವಿರಾಜಪೇಟೆ, ಸೋಮವಾರಪೇಟೆ ಕಡೆಯ ನಮ್ಮ ಜೂನಿಯರ್‌ಗಳಿಗೆ ರಜೆ ದಿನ ಕೇಸ್ ಹೇಳಿಕೊಡುತ್ತೇನೆ. ಓದು ಯಾರಿಗೂ ಕಡಿಮೆ ಇಲ್ಲ. ಓದಿದ್ದನ್ನು ಎದುರಿಗಿರುವ ರೋಗಿಗೆ ಹೊಂದಿಸುವುದೇ ಕಷ್ಟ.

2023ರ ಏಪ್ರಿಲ್‌ನಿಂದ ಪರೀಕ್ಷೆ ಕೇಳುವುದೂ ಅದನ್ನೇ. 3 ಕೇಸ್ ಸ್ಟಡಿ, ಒಂದೊಂದಕ್ಕೆ 6 ಪ್ರಶ್ನೆ. ರೋಗಿ ಒಬ್ಬರೇ, ಗಂಟೆ ಕಳೆದಂತೆ ನೋಟ್ಸ್ ಬೆಳೆಯುತ್ತಾ ಹೋಗುತ್ತದೆ. ಆರು ಪ್ರಶ್ನೆಗೂ ಒಂದು ಕ್ರಮವಿದೆ: ಸುಳಿವು ಗುರುತಿಸು, ಸುಳಿವುಗಳನ್ನು ಜೋಡಿಸು, ಯಾವುದು ಮೊದಲು ಅಂತ ತೀರ್ಮಾನಿಸು, ಏನೇನು ಮಾಡಬಹುದು ಯೋಚಿಸು, ಮಾಡು, ಆಮೇಲೆ ಫಲ ನೋಡು.

ನಾನೇ ಕಟ್ಟಿದ ಒಂದು ಕೇಸ್ ಹೇಳುತ್ತೇನೆ. ಪುಸ್ತಕದ ಕೇಸ್‌ಗಿಂತ ಇದು ಬೇಗ ತಲೆಗೆ ಹತ್ತುತ್ತದೆ, ಯಾಕೆಂದರೆ ಕಾಫಿ ತೋಟ ನೋಡದವರು ನಮ್ಮಲ್ಲಿ ಯಾರಿದ್ದಾರೆ?

34 ವರ್ಷದ ಗಂಡಸು, ಎಸ್ಟೇಟ್ ಲೈನ್ ಮನೆಯವರು. "ಬೆಳಗ್ಗೆಯಿಂದ ಮದ್ದು ಹೊಡೀತಿದ್ರು ಸಿಸ್ಟರ್, ಈಗ ವಾಂತಿ" ಅಂತ ಹೆಂಡತಿ ಕರೆತಂದಿದ್ದಾರೆ. ಮೈಯೆಲ್ಲ ಬೆವರು, ಕಣ್ಣಲ್ಲಿ ನೀರು, ಬಾಯಲ್ಲಿ ಜೊಲ್ಲು. ನಾಡಿ 52, ಉಸಿರು 28, ಸ್ಯಾಚುರೇಷನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) 88, ಬಿಪಿ 100/60, ಜ್ವರ ಇಲ್ಲ. ಕಣ್ಣಪಾಪೆ ಸೂಜಿಮೊನೆಯಷ್ಟು. ಎದೆಯಲ್ಲಿ ಎರಡೂ ಕಡೆ ಗೊರಗೊರ. ತೋಳಿನ ಸ್ನಾಯು ಅದುರುತ್ತಿದೆ. ಬೀಡಿ ಸೇದುತ್ತಾರೆ, ಹಳೆಯ ಸೊಂಟನೋವಿದೆ, ಶುಗರ್ 132.

ಈಗ ಪೆನ್ಸಿಲ್ ತೆಗೆದುಕೊಳ್ಳಿ. ಈ ಕ್ಷಣಕ್ಕೆ ಬೇಡದ್ದನ್ನು ಹೊಡೆದುಹಾಕಿ: ಸೊಂಟನೋವು, ಬೀಡಿ, ಶುಗರ್. ಸುಮ್ನೆ ದಾರಿ ತಪ್ಪಿಸಲು ಹಾಕಿರುವ ವಿವರಗಳು ಪರೀಕ್ಷೆಯಲ್ಲೂ ಇರುತ್ತವೆ. ಉಳಿದದ್ದಕ್ಕೆ ಗೆರೆ ಎಳೆಯಿರಿ.

ಜೋಡಿಸುವಾಗ ಒಂದೇ ಕಾಯಿಲೆ ಹೆಸರಿಸಿ ನಿಲ್ಲಬೇಡಿ. ಮೂರು ಬರೆಯಿರಿ, ಎರಡನ್ನು ಕಾರಣ ಕೊಟ್ಟು ಬಿಡಿ. ಆಸ್ತಮಾನಾ? ಹಾಗಿದ್ದರೆ ನಾಡಿ ಏರಬೇಕಿತ್ತು, ಇಲ್ಲಿ ಇಳಿದಿದೆ. ಬಿಸಿಲಿನ ಹೊಡೆತವಾ? ಮೈ ಸುಡುತ್ತಿಲ್ಲ. ಜೊಲ್ಲು, ಬೆವರು, ಇಳಿದ ನಾಡಿ, ಕಿರಿದಾದ ಪಾಪೆ, ಅದುರುವ ಸ್ನಾಯು ಎಲ್ಲ ಒಟ್ಟಿಗೆ ಕಂಡರೆ ಅದು ಆರ್ಗನೋಫಾಸ್ಫೇಟ್ ಕೀಟನಾಶಕದ ವಿಷ. ನರಗಳ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಅನ್ನು ಒಡೆಯುವ ಕಿಣ್ವ ಕೆಲಸ ನಿಲ್ಲಿಸಿದೆ, ಅದಕ್ಕೇ ಎಲ್ಲ ಕಡೆ ನೀರು. ಈ "ಬಿಡುವ ಕಾರಣ" ಬರೆಯುವ ಅಭ್ಯಾಸ ನೂರು ಪ್ರಶ್ನೆ ಟಿಕ್ ಮಾಡುವುದಕ್ಕಿಂತ ಹೆಚ್ಚು ಕಲಿಸುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಯಾವುದು ಮೊದಲು? ವಾಂತಿ ಅಂತ ಬಂದಿದ್ದಾರೆ, ಆದರೆ ಜೀವ ತೆಗೆಯುವುದು ಎದೆಯಲ್ಲಿ ತುಂಬುತ್ತಿರುವ ಕಫದ ನೀರು. ಹೇಳಿಕೊಂಡ ತೊಂದರೆ ಬೇರೆ, ಅಪಾಯ ಬೇರೆ.

ಇನ್ನು ಕೆಲಸ. ಮೊದಲು ನಿಮ್ಮ ಗ್ಲೌಸ್, ಗೌನ್. ಬಟ್ಟೆಯಲ್ಲಿರುವ ಮದ್ದು ನಿಮ್ಮ ಚರ್ಮಕ್ಕೂ ಇಳಿಯುತ್ತದೆ. ಆಮೇಲೆ ಸಕ್ಷನ್ (ಬಾಯಿ, ಗಂಟಲಿನ ನೀರು ಹೀರಿ ತೆಗೆಯುವುದು), ಆಕ್ಸಿಜನ್, ಐವಿ ಲೈನ್. ಡಾಕ್ಟರ ಆರ್ಡರ್ ಪ್ರಕಾರ ಈ ವಿಷಕ್ಕೆ ಕೊಡುವ ಔಷಧಿ ಅಟ್ರೋಪಿನ್. ಜೊತೆಜೊತೆಗೇ ಬಟ್ಟೆ ಬಿಚ್ಚಿ ಸೋಪು ನೀರಲ್ಲಿ ಮೈ ತೊಳೆಯುವುದು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಬೇಡ.

ಆರನೇ ಪ್ರಶ್ನೆಯನ್ನು ಹೆಚ್ಚಿನವರು ಓಡಿಸಿಬಿಡುತ್ತಾರೆ. ಅಟ್ರೋಪಿನ್ ಕೆಲಸ ಮಾಡಿತು ಅಂತ ಹೇಗೆ ಗೊತ್ತು? ಪಾಪೆ ದೊಡ್ಡದಾಗಲಿ ಅಂತ ಕಾಯಬೇಡಿ. ಎದೆಗೆ ಸ್ಟೆತ್ ಇಡಿ. ಗೊರಗೊರ ನಿಂತು, ನಾಡಿ 80 ದಾಟಿ, ಬಿಪಿ ಸ್ಥಿರವಾದರೆ ಸರಿ. ಅದೇ ರೋಗಿ ಮೈ ಬಿಸಿಯಾಗಿ, ಬಡಬಡಿಸಿ, ಹೊಟ್ಟೆಯ ಸದ್ದು ನಿಂತರೆ ಅಟ್ರೋಪಿನ್ ಜಾಸ್ತಿಯಾಗಿದೆ. ಮರುದಿನ ಮುಖ ಗೆಲುವಾಗಿದೆ ಅಂತ ನಂಬಿ ಕೂರಬೇಡಿ. ದಿಂಬಿನಿಂದ ತಲೆ ಎತ್ತಿಸಿ. ಆಗದಿದ್ದರೆ ಕತ್ತಿನ ಸ್ನಾಯು ಸೋತಿದೆ, ಉಸಿರಿನ ಸ್ನಾಯುವೂ ಸೋಲಬಹುದು. ಮೊದಲ 24ರಿಂದ 96 ಗಂಟೆಯೊಳಗೆ ಹೀಗಾಗುವುದುಂಟು.

ಪರೀಕ್ಷೆಯಲ್ಲಿ ಕೀಟನಾಶಕವೇ ಬರುತ್ತದೆ ಅಂತಲ್ಲ. ಹೃದಯ ಸೋತವರು, ಹೆರಿಗೆಯಾದ ಮೇಲೆ ರಕ್ತ ಹೋಗುತ್ತಿರುವವರು, ಆಪರೇಷನ್ ಮರುದಿನದವರು, ಯಾರು ಬಂದರೂ ಪೆನ್ಸಿಲ್ ಹೀಗೇ ಓಡಬೇಕು.

ಡ್ಯೂಟಿ ಮುಗಿದ ಮೇಲೆ ಒಬ್ಬ ರೋಗಿಯನ್ನು ಕೇಸ್ ಆಗಿ ಬರೆಯಿರಿ. ಹೆಸರು, ಆಸ್ಪತ್ರೆಯ ಐಪಿ ನಂಬರ್, ಊರು, ಎಸ್ಟೇಟ್ ಯಾವುದೂ ಬೇಡ. ಕೊಡಗು ಚಿಕ್ಕದು, ಎರಡು ಮಾತಿಗೆ ಯಾರ ಮನೆಯವರು ಅಂತ ತಿಳಿದುಬಿಡುತ್ತದೆ. ನಾಡಿ, ಉಸಿರು, ಬಿಪಿ ಬರೆಯುವ ವೈಟಲ್ಸ್ ಚಾರ್ಟ್‌ನ ಕೊನೆಯ ಎರಡು ಸಾಲು ಮುಚ್ಚಿ, ಮುಂದೇನಾಗಿರಬಹುದು ಅಂತ ಗೆಳತಿಯನ್ನು ಕೇಳಿ. ಕಕ್ಕಡ ತಿಂಗಳ ಮಳೆಗೆ ಕರೆಂಟು, ನೆಟ್‌ವರ್ಕ್ ಎರಡೂ ಹೋದರೂ ಈ ಓದು ನಿಲ್ಲುವುದಿಲ್ಲ.

ನಮ್ಮವರು ಒಂದು ಅಭ್ಯಾಸ ಬಿಡಲೇಬೇಕು. ಏನೇ ಕೇಳಿದರೂ "ಡಾಕ್ಟರಿಗೆ ಹೇಳ್ತೇನೆ". ಹೇಳಬೇಕು, ನಿಜ. ಆದರೆ ಸ್ಯಾಚುರೇಷನ್ 88 ಇರುವಾಗ ಮಂಚದ ತಲೆ ಎತ್ತಿ ಆಕ್ಸಿಜನ್ ಹಾಕದೆ ಫೋನ್ ಹುಡುಕಿದರೆ ಅಂಕ ಹೋಯಿತು. ನರ್ಸ್ ಕೈಯಲ್ಲಿ ಏನಾಗುತ್ತದೆ ಅನ್ನುವುದೇ ಅಲ್ಲಿನ ಪ್ರಶ್ನೆ.

ಔಷಧಿಗಳ ಅಮೆರಿಕದ ಹೆಸರನ್ನೂ ಬರೆದಿಟ್ಟುಕೊಳ್ಳಿ. ಪ್ಯಾರಾಸಿಟಮಾಲ್ ಅಲ್ಲಿ ಅಸಿಟಮಿನೋಫೆನ್, ಸಾಲ್ಬುಟಮಾಲ್ ಅಲ್ಬ್ಯುಟೆರಾಲ್, ಅಡ್ರಿನಲಿನ್ ಎಪಿನೆಫ್ರಿನ್.

ಅಂಕದ ಲೆಕ್ಕಾಚಾರ ತಿಳಿದಿರಲಿ. "ಹೊಂದುವುದೆಲ್ಲ ಆರಿಸಿ" ಅಂದಲ್ಲಿ ಸರಿಗೆ ಒಂದು ಅಂಕ, ತಪ್ಪು ಟಿಕ್‌ಗೆ ಒಂದು ಕಡಿತ, ಸೊನ್ನೆಗಿಂತ ಕೆಳಗೆ ಇಳಿಯುವುದಿಲ್ಲ. ಹಾಗಾಗಿ ಇದ್ದಬದ್ದದ್ದಕ್ಕೆಲ್ಲ ಟಿಕ್ ಹಾಕಿದರೆ ನಷ್ಟ. ಒಟ್ಟು 85ರಿಂದ 150 ಪ್ರಶ್ನೆ, 5 ಗಂಟೆ. ಮುಂದೆ ಹೋದ ಮೇಲೆ ಹಿಂದಿನ ಪ್ರಶ್ನೆಗೆ ಮರಳಲಾಗುವುದಿಲ್ಲ, ಆದ್ದರಿಂದ ಮನೆಯಲ್ಲಿ ಅಭ್ಯಾಸ ಮಾಡುವಾಗಲೂ ಬರೆದ ಉತ್ತರವನ್ನು ತಿದ್ದಬೇಡಿ.