ತೀನ್ ಪತ್ತಿಗೆ ಜಿಪಿಯು ಬೇಕಾಗಲಿಲ್ಲ

‘ಬ್ಲಫ್ ಇರೋ ಆಟ ಡೀಪ್ ಲರ್ನಿಂಗ್ ಇಲ್ದೆ ಬಿಡಿಸೋಕಾಗಲ್ಲ ಕಣೋ’ ಎಂದು ಬೆಂಗಳೂರಿನ ಗೆಳೆಯರು ನಗುತ್ತಿದ್ದರು. ಈಗ ಇಬ್ಬರ ತೀನ್ ಪತ್ತಿ ದಾವಣಗೆರೆಯ ನಮ್ಮ ಮನೆಯಲ್ಲೇ, ಎಂಟು ಜಿಬಿಯ ಹಳೇ ಲ್ಯಾಪ್‌ಟಾಪಲ್ಲಿ, ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ ಬಿಡಿಸಿಕೊಂಡು ಕೂತಿರುತ್ತದೆ. ಬಿಡಿಸೋದು ಅಂದರೆ ಎದುರಾಳಿ ಹೇಗೇ ಆಡಿದರೂ ದುರುಪಯೋಗ ಮಾಡಿಕೊಳ್ಳಲಾಗದ ತಂತ್ರ ಹುಡುಕೋದು.

ಮೊದಲು ಅವರ ಮಾತು ಕೇಳಿ ಜಿಪಿಯು, ಅಂದರೆ ಡೀಪ್ ಲರ್ನಿಂಗಿಗೆ ಬಳಸುವ ವೇಗದ ಚಿಪ್, ಬಾಡಿಗೆಗೆ ತಗೊಂಡೆ. ಸುಮಾರು ಒಂಬತ್ತು ಸಾವಿರ ಹೋಯಿತು. ಡೀಪ್ ಲರ್ನಿಂಗಿನ ಪ್ರೋಗ್ರಾಂ, ಅಂದರೆ ನೆಟ್‌ವರ್ಕ್, ತನ್ನ ಜೊತೆ ತಾನೇ ಆಡಿ ಕಲಿಯಬೇಕಿತ್ತು. ಸ್ವಲ್ಪ ಹೊತ್ತು ಬರೀ ಬ್ಲಫ್. ಆಮೇಲೆ ಎಲ್ಲದಕ್ಕೂ ಶೋ. ಆಮೇಲೆ ಬ್ಲಫ್ಫೇ ಬಂದ್. ಮತ್ತೆ ಮೊದಲಿಂದ. ಅದರ ತಪ್ಪಿನ ಅಳತೆ ತೋರಿಸುವ ಲಾಸ್ ಗ್ರಾಫ್ ಮಾತ್ರ ಚೆಂದ ಇಳಿಯುತ್ತಿತ್ತು! ಎದುರಾಳಿ ಈವರೆಗೆ ಆಡಿದ್ದರ ಸರಾಸರಿಗೆ ಒಳ್ಳೇ ಉತ್ತರ ಕೊಡುತ್ತಾ ಹೋಗುವ, ಬ್ರೌನ್ ಅವರ ಫಿಕ್ಟಿಶಿಯಸ್ ಪ್ಲೇ ಕೂಡ ನೋಡಿದೆ. ಇಬ್ಬರ ಇಂಥ ಆಟದಲ್ಲಿ ಅದು ದಡ ಸೇರುತ್ತದೆ ಎಂದು ಗಣಿತಜ್ಞೆ ಜೂಲಿಯಾ ರಾಬಿನ್ಸನ್ 1951ರಲ್ಲೇ ಸಾಧಿಸಿದ್ದಾರೆ. ಸರಿ, ನಾನಿರುವಾಗಲೇ ಸೇರಬೇಕಲ್ವಾ?

ಕೊನೆಗೆ ಸಿಎಫ್‌ಆರ್ ಪ್ಲಸ್: ಬೇರೆ ನಡೆ ಆಡಿದ್ದರೆ ಎಷ್ಟು ಜಾಸ್ತಿ ಸಿಗುತ್ತಿತ್ತು ಎಂಬ ಪಶ್ಚಾತ್ತಾಪವನ್ನು (ರಿಗ್ರೆಟ್) ಸುತ್ತು ಸುತ್ತಿಗೂ ಕೂಡಿಟ್ಟು ತಂತ್ರ ತಿದ್ದುವ ವಿಧಾನ. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಇಬ್ಬರ ಲಿಮಿಟ್ ಹೋಲ್ಡೆಮ್ ಎಂಬ ಪೋಕರ್ ಬಿಡಿಸಿದ್ದು ಇದರಲ್ಲೇ. ರಿಗ್ರೆಟ್ ಸೊನ್ನೆಗಿಂತ ಇಳಿದರೆ ಸೊನ್ನೆಯಲ್ಲೇ ನಿಲ್ಲಿಸಿ. ಕೊನೇ ಸುತ್ತಿನ ತಂತ್ರ ನಂಬಬೇಡಿ, ಅದು ಕುಣಿಯುತ್ತಲೇ ಇರಬಹುದು. ಸರಾಸರಿ ತೆಗೆಯಿರಿ, ಈಚಿನ ಸುತ್ತುಗಳಿಗೆ ಜಾಸ್ತಿ ತೂಕ ಕೊಡಿ. ಮೂರೇ ಎಲೆಯ ಪುಟ್ಟ ಆಟವಾದ ಕೂನ್ ಪೋಕರ್ ಮೇಲೆ ಓಡಿಸಿದಾಗ ಮೊದಲ ಆಟಗಾರನಿಗೆ ಆಟಕ್ಕೆ ಸರಾಸರಿ ಮೈನಸ್ 1/18 ಬಂತು, ಗೊತ್ತಿರುವ ಸರಿ ಉತ್ತರವೇ. ಆಗ ಧೈರ್ಯ ಬಂತು.

ದುಡ್ಡು ಉಳಿಸಿದ್ದು ಎಲೆ ಲೆಕ್ಕ. ಮೂರೆಲೆಯ ಕೈ ಒಟ್ಟು 22,100. ಯಾವುದು ಯಾವುದನ್ನು ಹೊಡೆಯುತ್ತದೆ ಎಂದಷ್ಟೇ ನೋಡಿದರೆ 741 ದರ್ಜೆ: ಟ್ರೇಲ್ (ಮೂರೂ ಒಂದೇ) 13, ಜೋಡಿ 156, ಮಿಕ್ಕಿದ್ದು 572. ನನ್ನ ಕೈಲಿರುವ ಎಲೆ ಎದುರಾಳಿಗೆ ಸಿಗಲ್ಲ, ಅದನ್ನು ಟೇಬಲ್ ಮಾಡಿ ಮೊದಲೇ ಎಣಿಸಿಟ್ಟೆ. ಎಲೆ ಯಾವ ಸೂಟಿನದು (ಇಸ್ಪೀಟೋ ಆಟೀನೋ) ಎಂಬುದನ್ನು ಬಿಟ್ಟಿದ್ದಕ್ಕೆ ಚೂರು ತಪ್ಪುತ್ತದೆ, ಇರಲಿ. ಚಾಲ್‌ಗೆ, ಅಂದರೆ ಎಲೆ ನೋಡಿ ಕಟ್ಟುವ ಪಣಕ್ಕೆ, ಆರರ ಮಿತಿ ಹಾಕಿದೆ. ಎಲೆ ನೋಡದೆ ಆಡುವ ಬ್ಲೈಂಡ್ ಆಟವನ್ನು, ಸಾಧ್ಯವಿರುವ ನಡೆಗಳ ಕವಲುಮರ ಬೆಳೆಯದಂತೆ ಹೇಗೆ ಸೇರಿಸಿದೆ ಎಂಬುದನ್ನು ಮಾತ್ರ ಹೇಳಲ್ಲ!

ಏಪ್ರಿಲ್ ಬಿಸಿಲಲ್ಲಿ ಲ್ಯಾಪ್‌ಟಾಪ್ ಕಾದು ಅರ್ಧ ವೇಗಕ್ಕೆ ಬಂತು. ರಾತ್ರಿ ಓಡಿಸಿದರೆ ಸರಿ. ನಡುವೆ ಸುಮ್ನೆ ಹುಲಿ-ಕುರಿ ಆಟಕ್ಕೂ ಹಾಕಿದೆ, ದಂಡ. ಎಲ್ಲ ಕಣ್ಣೆದುರಿಗಿರುವ ಆಟಕ್ಕೆ ಕೊನೆಯಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಸಾಕು.

ಎಕ್ಸ್‌ಪ್ಲಾಯ್ಟಬಿಲಿಟಿ, ಅಂದರೆ ಅತಿ ಜಾಣ ಎದುರಾಳಿ ನನ್ನ ತಂತ್ರದಿಂದ ಕಿತ್ತುಕೊಳ್ಳಬಹುದಾದಷ್ಟು, ಈಗ ಆಟಕ್ಕೆ ಬೂಟ್‌ನ (ಶುರುವಿನಲ್ಲಿ ಎಲ್ಲರೂ ಹಾಕುವ ಪಣದ) ನೂರರಲ್ಲೊಂದು ಪಾಲಿಗಿಂತ ಕಡಿಮೆ. ಅದೇ ಗೆಳೆಯರು ಊರಿಗೆ ಬಂದಾಗ ಮಂಡಕ್ಕಿ-ಮಿರ್ಚಿ ತಿನ್ನುತ್ತಾ ಹುಣಸೆ ಬೀಜ ಇಟ್ಟು ಇದರ ಜೊತೆ ಆಡಿದರು. ಬೀಜವೆಲ್ಲ ನನ್ನ ಕಡೆಗೇ ಬಂತು. ‘ಮೂರು ಜನಕ್ಕೆ ಮಾಡು ನೋಡೋಣ’ ಅಂತಾರೆ ಈಗ. ಮೂರನೆಯವನು ಕೂತರೆ ಈ ಸರಾಸರಿಗೆ ಗ್ಯಾರಂಟಿಯೇ ಇಲ್ಲ.