ಡಿಶ್ ತಗೊಳ್ಳುವ ಮೊದಲು ತಲೆ ಎತ್ತಿ ನೋಡಿ: ಹಳ್ಳಿ ಮನೆಗೆ ಉಪಗ್ರಹ ಇಂಟರ್ನೆಟ್ ಲೆಕ್ಕಾಚಾರ

‘ಉಪಗ್ರಹದಿಂದ ಸೀದಾ ಮನೆಗೇ ನೆಟ್ ಬರುತ್ತಂತೆ, ತಗೊಳ್ಳೋದಾ?’ ಶಿರಸಿ, ಸಿದ್ದಾಪುರ ಕಡೆ ಈ ಪ್ರಶ್ನೆ ಈಗ ಊಟದ ಪಂಕ್ತಿಯಲ್ಲೂ ಕೇಳಿಬರುತ್ತದೆ. ಕೇಳುವುದು ಸಹಜವೇ. ಕೊರೊನಾ ಕಾಲದಲ್ಲಿ ಮಕ್ಕಳು ಗುಡ್ಡದ ತುದಿಗೆ ಹೋಗಿ ಕೂತು ಆನ್‌ಲೈನ್ ಕ್ಲಾಸ್ ಕೇಳಿದ ಜಿಲ್ಲೆ ಇದು. ಉತ್ತರ ಕನ್ನಡದ ಹೆಚ್ಚಿನ ಭಾಗ ಕಾಡು. ಮನೆಗಳು ಒಂದು ಇಲ್ಲಿ, ಇನ್ನೊಂದು ಅಲ್ಲಿ. ಅದೂ ತೋಟದ ತಲೆಯಲ್ಲಿ, ಬೆಟ್ಟದ ಬುಡದಲ್ಲಿ. ಟವರ್ ನಿಲ್ಲಿಸುವವರಿಗೂ ಕೇಬಲ್ ಎಳೆಯುವವರಿಗೂ ಇಂಥ ಊರುಗಳಲ್ಲಿ ಲಾಭ ಕಾಣುವುದಿಲ್ಲ.

ಹಾಗಂತ ಎಲ್ಲ ಮನೆಗೂ ಉಪಗ್ರಹವೇ ಮದ್ದಲ್ಲ. ಜನ ಮೊದಲು ವಿಚಾರಿಸುವುದು ತಿಂಗಳ ದರ. ನನ್ನನ್ನು ಕೇಳಿದರೆ ಅದನ್ನು ಕೊನೆಗೆ ನೋಡಬೇಕು. ಅದಕ್ಕೂ ಮೊದಲು ನಿಮ್ಮ ಮನೆ, ನಿಮ್ಮ ಆಕಾಶ, ನಿಮ್ಮ ಕರೆಂಟ್ ಬಿಲ್ ನೋಡುವುದಿದೆ.

ಹೆಜ್ಜೆ 1: ನೆಟ್ ಇಲ್ಲದ್ದಕ್ಕೆ ಈಗ ಎಷ್ಟು ಹೋಗುತ್ತಿದೆ?

ಒಂದು ಹಾಳೆ ತಗೊಂಡು ಬರೆಯಿರಿ. ಮಗಳು ಮನೆಯಿಂದಲೇ ಕೆಲಸ ಮಾಡಬಹುದಾದ ನೌಕರಿಯಲ್ಲಿದ್ದೂ ನೆಟ್ ಇಲ್ಲ ಎಂಬ ಒಂದೇ ಕಾರಣಕ್ಕೆ ಬೆಂಗಳೂರಲ್ಲಿ ಬಾಡಿಗೆ ಕಟ್ಟುತ್ತಿದ್ದಾಳಾ? ಹೋಮ್‌ಸ್ಟೇ ಇದ್ದರೆ, ‘ವೈಫೈ ಇದೆಯಾ’ ಎಂದು ಕೇಳಿ ಫೋನ್ ಇಟ್ಟವರು ಎಷ್ಟು ಮಂದಿ? ಒಂದು ಅರ್ಜಿ ತುಂಬಲು ಪೇಟೆಗೆ ಹೋಗಿಬರುವ ಪೆಟ್ರೋಲ್, ಅರ್ಧ ದಿನದ ಕೆಲಸ, ಅದೂ ಬರಲಿ.

ಹಾಳೆಯಲ್ಲಿ ಬಂದ ಮೊತ್ತ ತಿಂಗಳಿಗೆ ಐನೂರು ರೂಪಾಯಿಯಾದರೆ ಉಪಗ್ರಹದ ಆಸೆ ಬಿಡಿ. ವಾಟ್ಸ್ಆ್ಯಪ್, ಸಂಜೆ ಹೊತ್ತು ಯಕ್ಷಗಾನದ ವಿಡಿಯೊ, ಅಡಿಕೆ ದರ ನೋಡುವುದು, ಇಷ್ಟಕ್ಕೆ ಡಿಶ್ ಬೇಡ. ಮೊತ್ತ ಐದು ಸಾವಿರ ದಾಟಿದರೆ ಮುಂದೆ ಓದಿ.

ಹೆಜ್ಜೆ 2: ನೆಲದ ಮೇಲಿನ ದಾರಿ ನಿಜವಾಗಿ ಮುಗಿದಿದೆಯಾ?

ಮೊದಲು ಪಂಚಾಯಿತಿ ಆಫೀಸಿಗೆ ಹೋಗಿ. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಮುಟ್ಟಿಸುವ ಕೆಲಸಕ್ಕೆ ಕೇಂದ್ರ ಸರ್ಕಾರ 2011ರಲ್ಲೇ ಕೈಹಾಕಿತ್ತು. ಭಾರತ್‌ನೆಟ್ ಎಂಬ ಹೆಸರು ಆಮೇಲೆ ಬಂತು. 2023ರಲ್ಲಿ ಅದನ್ನೇ ತಿದ್ದಿ, 1.39 ಲಕ್ಷ ಕೋಟಿ ರೂಪಾಯಿಯ ಹೊಸ ಯೋಜನೆ ಮಾಡಿದ್ದಾರೆ. ನಿಮ್ಮ ಪಂಚಾಯಿತಿಗೆ ಫೈಬರ್ ಬಂದಿದೆಯಾ, ಅದು ಜೀವಂತ ಇದೆಯಾ, ಕೊನೆಯ ಕಂಬದಿಂದ ಮನೆಗೆ ಎಷ್ಟು ಮೀಟರ್, ಇವನ್ನು ಕೇಳಿ. ಆ ಕಡೆಯ ಕೇಬಲ್ ಟಿವಿಯವರನ್ನೂ ಕೇಳಿ. ಹಳ್ಳಿಗಳಲ್ಲಿ ಫೈಬರ್ ಎಳೆಯುವ ಕೆಲಸ ಬಹಳ ಕಡೆ ಅವರ ಕೈಯಲ್ಲೇ ಇದೆ. ಒಂದು ಮನೆಗೆ ಎರಡು ಕಿಲೋಮೀಟರ್ ಎಳೆಯಲು ಯಾರೂ ಒಪ್ಪುವುದಿಲ್ಲ. ಕೇರಿಯ ಎಂಟು ಮನೆ ಒಟ್ಟಿಗೆ ಕೇಳಿದರೆ ಮಾತು ಬೇರೆ. ತಿಂಗಳಿಗೆ 400-500 ರೂಪಾಯಿ ಮತ್ತು ಶೇ 18 ಜಿಎಸ್‌ಟಿ ಕೊಟ್ಟರೆ ಸಿಗುವ ಫೈಬರ್‌ಗೆ ಬೆಲೆಯಲ್ಲಿ ಯಾವ ಉಪಗ್ರಹವೂ ಸಾಟಿ ಅಲ್ಲ.

ಫೈಬರ್ ಇಲ್ಲವೇ ಇಲ್ಲ ಎಂದಾದರೆ ಮೊಬೈಲ್ ಟವರ್. ‘ನಮ್ಮಲ್ಲಿ ಸಿಗ್ನಲ್ಲೇ ಇಲ್ಲ’ ಎನ್ನುವವರು ಹೆಚ್ಚಾಗಿ ನೋಡಿರುವುದು ಜಗಲಿಯಲ್ಲಿ ಕೂತು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ಫೋನ್’, ಅದರೊಳಗೆ ಸಿಮ್ ಸ್ಟೇಟಸ್ ತೆರೆದರೆ ಹೆಚ್ಚಿನ ಫೋನ್‌ಗಳಲ್ಲಿ ಸಿಗ್ನಲ್‌ನ ಅಂಕಿ ಮೈನಸ್‌ನಲ್ಲಿ ಕಾಣುತ್ತದೆ. 4ಜಿಗೆ ಮೈನಸ್ 95ರ ಆಸುಪಾಸು ಇದ್ದರೆ ಚೆನ್ನಾಗಿದೆ. ಮೈನಸ್ 110ರ ಹತ್ತಿರ ಎಳೆದಾಟ. 120 ಆದರೆ ಸತ್ತ ಹಾಗೆ. ಆ ಅಂಕಿ ನೋಡುತ್ತಾ ಅಂಗಳ, ಮಾಳಿಗೆ, ಬೆಟ್ಟದ ಅಂಚು ಎಲ್ಲ ಕಡೆ ಓಡಾಡಿ. ಬೇರೆ ಬೇರೆ ಕಂಪನಿಯ ಸಿಮ್ ಹಾಕಿ ನೋಡಿ.

ಎಲ್ಲೋ ಒಂದು ಕಡೆ 105 ಸಿಕ್ಕಿತು ಅಂತಿಟ್ಟುಕೊಳ್ಳಿ. ಅಲ್ಲೊಂದು ಕಂಬ ನೆಟ್ಟು ಹೊರಾಂಗಣದ 4ಜಿ ರೌಟರ್ ಕೂರಿಸಬಹುದು. ಅಲ್ಲಿಂದ ಮನೆಗೆ ಲ್ಯಾನ್ ಕೇಬಲ್ 100 ಮೀಟರ್‌ವರೆಗೆ ಎಳೆಯಬಹುದು, ಅದೇ ಕೇಬಲ್‌ನಲ್ಲಿ ರೌಟರ್‌ಗೆ ಕರೆಂಟೂ ಹೋಗುತ್ತದೆ. ವಿಡಿಯೊ ಮೀಟಿಂಗ್‌ಗೆ ಬೇಕಾಗುವುದು 3-4 ಎಂಬಿಪಿಎಸ್ ವೇಗ ಅಷ್ಟೇ. ಅದು ಡೌನ್‌ಲೋಡ್‌ನಲ್ಲೂ ಅಪ್‌ಲೋಡ್‌ನಲ್ಲೂ, ಬೆಳಿಗ್ಗೆಯೂ ರಾತ್ರಿ ಎಂಟಕ್ಕೂ ಸಿಕ್ಕಿದರೆ ನಿಮ್ಮ ಕೆಲಸ ಮುಗಿಯಿತು. ಪೇಟೆಯಲ್ಲಿ ಸಿಗುವ ಸಿಗ್ನಲ್ ಬೂಸ್ಟರ್ ಮಾತ್ರ ತರಬೇಡಿ. ಅನುಮತಿ ಇಲ್ಲದೆ ಅದನ್ನು ಹಾಕುವುದು ಅಪರಾಧ. ಅಕ್ಕಪಕ್ಕದವರ ನೆಟ್‌ವರ್ಕ್ ಕೂಡ ಅದರಿಂದ ಕೆಡುತ್ತದೆ.

ಕಾರವಾರ, ಅಂಕೋಲಾ, ಕುಮಟಾದಲ್ಲಿ ಹೆದ್ದಾರಿ ಬದಿಯ ಊರಿನವರಿಗೆ ಬಹುಮಟ್ಟಿಗೆ ಈ ಹೆಜ್ಜೆಯಲ್ಲೇ ಉತ್ತರ ಸಿಗುತ್ತದೆ. ಜೋಯಿಡಾದ ಕಾಡೊಳಗಿನ ಊರು, ಘಟ್ಟದ ಇಳಿಜಾರಿನ ಒಂಟಿ ಮನೆ, ಇಂಥವರದ್ದೇ ಬೇರೆ ಕತೆ.

ಹೆಜ್ಜೆ 3: ಯಾವ ಉಪಗ್ರಹ ಎಂದು ಕೇಳಿ

ಉಪಗ್ರಹ ಇಂಟರ್ನೆಟ್ ಎಂದರೆ ಒಂದೇ ಅಲ್ಲ. ಹಳೆಯ ಕ್ರಮದ್ದು ಭೂಸ್ಥಿರ ಉಪಗ್ರಹ. ಸುಮಾರು 36,000 ಕಿಲೋಮೀಟರ್ ಮೇಲೆ, ನಮ್ಮ ಲೆಕ್ಕಕ್ಕೆ ಒಂದೇ ಕಡೆ ನಿಂತಿರುತ್ತದೆ. ಹಳ್ಳಿಯ ಬ್ಯಾಂಕ್ ಶಾಖೆ, ಎಟಿಎಂ ಮೇಲೆ ಕಾಣುವ ವಿಸ್ಯಾಟ್ ಡಿಶ್ ಇದರದ್ದು. ಇಸ್ರೊದ ಜಿಸ್ಯಾಟ್-11, ಜಿಸ್ಯಾಟ್-29 ಬಳಸಿ ಹ್ಯೂಸ್ ಕಂಪನಿ 2022ರಲ್ಲಿ ದೇಶದಲ್ಲಿ ಈ ಬಗೆಯ ವೇಗದ ಸೇವೆ ಶುರು ಮಾಡಿತು. ತೊಂದರೆ ಏನೆಂದರೆ ದೂರ. ನಾವು ಕೇಳಿದ್ದು ಮೇಲೆ ಹೋಗಿ ಕೆಳಗೆ ಬಂದು, ಉತ್ತರ ಮತ್ತೆ ಮೇಲೆ ಹೋಗಿ ಕೆಳಗೆ ಬರಲು ಅರ್ಧ ಸೆಕೆಂಡಿಗೂ ಜಾಸ್ತಿ ಬೇಕು. ಮೇಲ್, ಹಣ ಪಾವತಿಗೆ ಅಡ್ಡಿ ಇಲ್ಲ. ಮೀಟಿಂಗ್‌ನಲ್ಲಿ ಮಾತ್ರ ಇಬ್ಬರೂ ಒಟ್ಟಿಗೆ ಮಾತಾಡಿ, ಇಬ್ಬರೂ ಒಟ್ಟಿಗೆ ಸುಮ್ಮನಾಗುವ ಪಜೀತಿ.

ಹೊಸದು ಕೆಳಕಕ್ಷೆಯದ್ದು, ಅಂದರೆ ಭೂಮಿಗೆ ಹತ್ತಿರದಲ್ಲೇ ಸುತ್ತುವ ಉಪಗ್ರಹಗಳದ್ದು. ಇಲಾನ್ ಮಸ್ಕ್ ಕಂಪನಿಯ ಸ್ಟಾರ್‌ಲಿಂಕ್ ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ, ಒನ್‌ವೆಬ್ 1,200ರಲ್ಲಿ. ಸಾವಿರಾರು ಅಥವಾ ನೂರಾರು ಉಪಗ್ರಹ ಒಂದರ ಹಿಂದೆ ಒಂದು ಓಡುತ್ತಿರುತ್ತವೆ. ತಡ ಎನ್ನುವುದು ಸೆಕೆಂಡಿನ ನೂರನೇ ಎರಡು-ಮೂರು ಪಾಲಿನಿಂದ ಹತ್ತನೇ ಒಂದು ಪಾಲಿನೊಳಗೆ. ಒನ್‌ವೆಬ್ ನೋಡುವುದು ಕಂಪನಿಗಳು, ಸರ್ಕಾರ ಇಂಥ ದೊಡ್ಡ ಗಿರಾಕಿಗಳನ್ನು. ಮನೆಗೆ ಎಂದು ಜನ ಕೇಳುತ್ತಿರುವುದು ಹೆಚ್ಚಾಗಿ ಸ್ಟಾರ್‌ಲಿಂಕ್ ಬಗ್ಗೆಯೇ. ಅದಕ್ಕೆ 2025ರ ಜೂನ್‌ನಲ್ಲಿ ದೂರಸಂಪರ್ಕ ಇಲಾಖೆ ಲೈಸನ್ಸ್ ಕೊಟ್ಟಿತು. ಲೈಸನ್ಸ್ ಸಿಕ್ಕಿದ ಮಾತ್ರಕ್ಕೆ ಮನೆಗೆ ಡಿಶ್ ಬಂತು ಅಂತಲ್ಲ. ತರಂಗಾಂತರ ಸಿಗಬೇಕು, ಭದ್ರತಾ ಪರೀಕ್ಷೆ ಮುಗಿಯಬೇಕು. ಆದ್ದರಿಂದ ‘ನಾನು ಏಜೆಂಟ್, ಮುಂಗಡ ಕೊಡಿ’ ಎಂದು ಯಾರಾದರೂ ಬಂದರೆ ಮಜ್ಜಿಗೆ ಕೊಟ್ಟು ಕಳಿಸಿ. ನಿಮ್ಮ ಪಿನ್‌ಕೋಡ್‌ಗೆ ಸೇವೆ ಇದೆಯಾ ಎಂದು ಕಂಪನಿಯ ಸ್ವಂತ ವೆಬ್‌ಸೈಟ್‌ನಲ್ಲೇ ನೋಡಿ.

ಹೆಜ್ಜೆ 4: ಆಕಾಶ ಅಳೆಯಿರಿ

ಮಲೆನಾಡಿನಲ್ಲಿ ಹೆಚ್ಚಿನವರು ಸೋಲುವುದು ಇಲ್ಲೇ. ‘ಟಿವಿ ಡಿಶ್ ಅಡಿಕೆ ಮರದ ಸಂದಿಯಲ್ಲೇ ಚೆನ್ನಾಗಿ ನಡೀತಿದೆ, ಇದೂ ನಡೆಯುತ್ತೆ’ ಎಂದುಕೊಳ್ಳುತ್ತಾರೆ. ನಡೆಯುವುದಿಲ್ಲ. ಟಿವಿಯ ಉಪಗ್ರಹ ನಿಂತಲ್ಲೇ ನಿಂತಿರುತ್ತದೆ. ನಮ್ಮ ಕಡೆಯ ಡಿಶ್‌ಗಳು ಆಗ್ನೇಯದ ಕಡೆ ಮುಖ ಮಾಡಿರುವುದು ಅದಕ್ಕೇ. ಅಷ್ಟೊಂದು ಕಿಂಡಿ ತೆರೆದಿದ್ದರೆ ಸಾಕು. ಕೆಳಕಕ್ಷೆಯ ಉಪಗ್ರಹ ಆಕಾಶದ ಈ ತುದಿಯಿಂದ ಆ ತುದಿಗೆ ಕೆಲವೇ ನಿಮಿಷದಲ್ಲಿ ದಾಟುತ್ತದೆ. ಅದನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತಾ ಇರಬೇಕು. ನಡುವೆ ಒಂದು ತೆಂಗಿನ ಗರಿ ಬಂದರೂ ಆ ಕೆಲವು ಸೆಕೆಂಡು ನೆಟ್ ಹೋಯಿತು. ಸಿನಿಮಾ ನೋಡುವವರಿಗೆ ಗೊತ್ತೇ ಆಗದು. ಇಂಟರ್‌ವ್ಯೂ ಕೊಡುತ್ತಿರುವ ಮಗನಿಗೆ ಚೆನ್ನಾಗಿ ಗೊತ್ತಾಗುತ್ತದೆ.

ನೆತ್ತಿಯಿಂದ ಸುತ್ತಲೂ ಸುಮಾರು 50 ಡಿಗ್ರಿಯಷ್ಟು ಆಕಾಶ ಖಾಲಿ ಇರಬೇಕು. ಅಂದರೆ 40 ಅಡಿ ಎತ್ತರದ ಮರ ಡಿಶ್‌ನಿಂದ 45-50 ಅಡಿ ದೂರ ಇರಬೇಕು ಎಂದಾಯಿತು. ಡಿಶ್ ಕೊಳ್ಳುವ ಮೊದಲೇ ಇದನ್ನು ಪರೀಕ್ಷಿಸಬಹುದು. ಸ್ಟಾರ್‌ಲಿಂಕ್ ಆ್ಯಪ್ ಇಳಿಸಿಕೊಂಡು, ಫೋನಿನ ಕ್ಯಾಮೆರಾವನ್ನು ಆಕಾಶಕ್ಕೆ ಹಿಡಿದು ಸುತ್ತ ತಿರುಗಿಸಿದರೆ ಎಲ್ಲಿ ಅಡ್ಡ ಇದೆ ಎಂದು ಅದೇ ತೋರಿಸುತ್ತದೆ.

ಎಲ್ಲಿ ನಿಂತು ನೋಡಬೇಕು? ಅಡಿಕೆ ಒಣಗಿಸುವ ಅಂಗಳದಿಂದ ಶುರು ಮಾಡಿ. ಬಿಸಿಲಿಗಾಗಿ ನಮ್ಮ ಹಿರಿಯರು ಬಿಟ್ಟ ಜಾಗ ಅದು, ಆಕಾಶವೂ ಅಲ್ಲೇ ಜಾಸ್ತಿ. ಆದರೆ ಒಂದು ಮಾತು. ಅಡಿಕೆ ಒಣಗುವ ತಿಂಗಳಲ್ಲಿ ಸೂರ್ಯ ತೆಂಕು ಮಗ್ಗುಲಲ್ಲಿ ಓಡುತ್ತಾನೆ. ಅಂಗಳಕ್ಕೆ ಬಿಸಿಲು ಚೆನ್ನಾಗಿ ಬೀಳುತ್ತದೆ ಎಂದರೆ ತೆಂಕಣ ದಿಕ್ಕು ಖಾಲಿ ಇದೆ ಎಂದಷ್ಟೇ ಅರ್ಥ. ಬಡಗಣ ಕಡೆ ಬೆಟ್ಟ ಎದ್ದು ನಿಂತಿರಬಹುದು. ಅದನ್ನು ಬೇರೆಯಾಗಿಯೇ ನೋಡಬೇಕು. ಹಂಚಿನ ಮಾಡಿನ ಮೇಲೆ ಡಿಶ್ ಕೂರಿಸುವುದಾದರೆ ಹಂಚಿಗೆ ಕಟ್ಟಬೇಡಿ, ಗೋಡೆಗೆ ಕಬ್ಬಿಣದ ಪೈಪ್ ಹೊಡೆಸಿ ಅದರ ಮೇಲೆ ಕೂರಿಸಿ. ಕೇಬಲ್ ಪೂರ್ತಿ ಪಿವಿಸಿ ಪೈಪ್ ಒಳಗೆ ಬರಲಿ. ಮಂಗಗಳಿಗೆ ಇಂಟರ್ನೆಟ್ ಬೇಕಿಲ್ಲ, ಕೇಬಲ್ ಬೇಕು.

ಹೆಜ್ಜೆ 5: ಕರೆಂಟ್ ಬಿಲ್ ತೆಗೆದು ಕೂರಿ

ಇದನ್ನು ಜಾಹೀರಾತಿನಲ್ಲಿ ಯಾರೂ ಹೇಳುವುದಿಲ್ಲ. ಸಾಮಾನ್ಯ ಫೈಬರ್ ರೌಟರ್‌ಗೆ ಹತ್ತು-ಹನ್ನೆರಡು ವ್ಯಾಟ್ ಸಾಕು. ಕೆಳಕಕ್ಷೆಯ ಡಿಶ್ ಸುಮಾರು 75 ವ್ಯಾಟ್ ಎಳೆಯುತ್ತದೆ. ದಿನವಿಡೀ ಇಟ್ಟರೆ 1.8 ಯೂನಿಟ್, ತಿಂಗಳಿಗೆ 54. ಯೂನಿಟ್‌ಗೆ ಆರು ರೂಪಾಯಿ ಹಿಡಿದರೆ ಮುನ್ನೂರು ಚಿಲ್ಲರೆ. ಇಷ್ಟೇನಾ ಅನ್ನಿಸಬಹುದು. ಗೃಹಜ್ಯೋತಿ ನೆನಪಿಸಿಕೊಳ್ಳಿ.

ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಅಲ್ಲ. ನಿಮ್ಮ 2022-23ರ ಸರಾಸರಿ ಬಳಕೆಗೆ ಶೇ 10 (ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದರೆ 10 ಯೂನಿಟ್) ಸೇರಿಸಿದ್ದು ನಿಮ್ಮ ಪಾಲು. ಅದನ್ನು ಮೀರಿದ್ದಕ್ಕೆ ದುಡ್ಡು ಕೊಡಬೇಕು. 200 ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. ಸರಾಸರಿ 60 ಯೂನಿಟ್ ಇರುವ ಮನೆಗೆ 66 ಉಚಿತ. ಡಿಶ್ ಸೇರಿ 114 ಆದರೆ 48 ಯೂನಿಟ್‌ಗೆ ಕಟ್ಟಿದರೆ ಮುಗಿಯಿತು. ಸರಾಸರಿ 150 ಇರುವ ಮನೆ ನೋಡಿ. 150ಕ್ಕೆ 54 ಸೇರಿ 204. ಇಲ್ಲಿವರೆಗೆ ಸೊನ್ನೆ ಬರುತ್ತಿದ್ದ ಬಿಲ್ ಆ ನಾಲ್ಕು ಯೂನಿಟ್ ದೆಸೆಯಿಂದ ಸಾವಿರ ದಾಟುತ್ತದೆ. ರಾತ್ರಿ ಎಂಟು ತಾಸು ಡಿಶ್ ಆರಿಸಿಟ್ಟರೆ ತಿಂಗಳಿಗೆ 18 ಯೂನಿಟ್ ಉಳಿಯುತ್ತದೆ, 200ರೊಳಗೆ ಬರುತ್ತೀರಿ. ಸ್ವಿಚ್ ಕೈಗೆ ಸಿಗುವ ಹಾಗೆ ಹಾಕಿಸಿ.

ಇನ್ವರ್ಟರ್ ಮಾತು ಬೇರೆ. 150 ಎಎಚ್ ಬ್ಯಾಟರಿ ಇದ್ದರೆ ಡಿಶ್, ಒಂದು ಫ್ಯಾನ್, ಎರಡು ದೀಪ ಸೇರಿ ಏಳೆಂಟು ತಾಸು ಬರಬಹುದು. ಬ್ಯಾಟರಿ ಹಳತಾಗಿದ್ದರೆ ಅದರ ಅರ್ಧ. ಆಷಾಢದ ಗಾಳಿಗೆ ಮರ ಬಿದ್ದು ಎರಡು ದಿನ ಕರೆಂಟ್ ಹೋಗುವ ಊರಿನವರು ಬ್ಯಾಟರಿಯ ಖರ್ಚನ್ನೂ ಡಿಶ್‌ನ ಖರ್ಚಿಗೇ ಸೇರಿಸಿ ಬರೆಯಬೇಕು.

ಹೆಜ್ಜೆ 6: ಮಳೆ ಮತ್ತು ಸಿಡಿಲು

ಉಪಗ್ರಹ ಬಳಸುವ ಹೆಚ್ಚಿನ ಆವರ್ತನದ ತರಂಗಗಳನ್ನು ಮಳೆಹನಿ ಹೀರಿಕೊಳ್ಳುತ್ತದೆ, ಚದುರಿಸುತ್ತದೆ. ಜಿಟಿಜಿಟಿ ಮಳೆಗೆ ಏನೂ ಆಗದು. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ಮೀರಿ ಸುರಿಯುತ್ತದೆ, ಅದೂ ಹೆಚ್ಚಿನದೆಲ್ಲ ನಾಲ್ಕೇ ತಿಂಗಳಲ್ಲಿ. ಕೊಡ ಕವಚಿದ ಹಾಗೆ ಹೊಯ್ಯುವಾಗ ಸ್ವಲ್ಪ ಹೊತ್ತು ನೆಟ್ ನಿಧಾನ ಆಗುವುದು, ನಿಲ್ಲುವುದು ಇದ್ದದ್ದೇ. ಮಳೆ ಸಣ್ಣದಾದ ಕೂಡಲೇ ಬರುತ್ತದೆ. ನೆಲದ ಕೇಬಲ್ ಹಾಗಲ್ಲ. ಗುಡ್ಡ ಜರಿದು ಕೇಬಲ್ ಹರಿದರೆ ವಾರಗಟ್ಟಲೆ ಕಾಯಬೇಕು. 2024ರ ಜುಲೈನಲ್ಲಿ ಶಿರೂರು ಗುಡ್ಡ ಕುಸಿದಾಗ ಹೆದ್ದಾರಿಯೇ ಮುಚ್ಚಿಹೋಗಿತ್ತಲ್ಲ. ಅಂಥ ಹೊತ್ತಿಗೆ ಊರಿಗೊಂದು ಡಿಶ್ ಇದ್ದರೆ ಅದರ ಬೆಲೆ ಬೇರೆಯೇ. ಪಂಚಾಯಿತಿ, ಸೊಸೈಟಿ, ಆರೋಗ್ಯ ಕೇಂದ್ರಗಳು ಯೋಚಿಸಬೇಕಾದ ವಿಷಯ ಇದು.

ಸಿಡಿಲಿಗೆ ಮಾತ್ರ ಸುಲಭದ ದಾರಿ ಇಲ್ಲ. ಪೈಪ್‌ಗೆ ಅರ್ಥಿಂಗ್ ಮಾಡಿಸಿ. ಗುಡುಗು ಕೇಳಿದ ಕೂಡಲೇ ಪ್ಲಗ್ ಕಿತ್ತಿಡಿ. ಸಿಡಿಲಿಗೆ ಸುಟ್ಟರೆ ವಾರಂಟಿ ಇದೆಯಾ ಎಂದು ಮೊದಲೇ ಓದಿಕೊಳ್ಳಿ.

ಹೆಜ್ಜೆ 7: ಈಗ ದರ

2025ರ ಡಿಸೆಂಬರ್‌ನಲ್ಲಿ ಸ್ಟಾರ್‌ಲಿಂಕ್‌ನ ಭಾರತದ ಪುಟದಲ್ಲಿ ತಿಂಗಳಿಗೆ 8,600, ಕಿಟ್‌ಗೆ 34,000 ರೂಪಾಯಿ ಎಂದು ಕಾಣಿಸಿ ದೊಡ್ಡ ಸುದ್ದಿಯಾಯಿತು. ಅದು ಪರೀಕ್ಷೆಗೆ ಹಾಕಿದ ಅಂಕಿ, ನಿಜವಾದ ದರ ಅಲ್ಲ ಎಂದು ಕಂಪನಿ ಹೇಳಿತು. ಇರಲಿ, ಲೆಕ್ಕ ಹಾಕುವ ಕ್ರಮ ತೋರಿಸಲು ಅದನ್ನೇ ಬಳಸೋಣ.

ಮೂರು ವರ್ಷ ಹಿಡಿಯಿರಿ. 8,600ರ ಹಾಗೆ 36 ತಿಂಗಳಿಗೆ 3,09,600. ಕಿಟ್ ಸೇರಿ 3,43,600. ತಿಂಗಳಿಗೆ ಸುಮಾರು 9,550 ಬಿತ್ತು, ಕರೆಂಟ್ ಬೇರೆ. ಬೆಂಗಳೂರಿನ ಬಾಡಿಗೆ ಉಳಿಸುವವರಿಗೆ ಬಿಟ್ಟರೆ ಇದು ಯಾರಿಗೂ ಹೊಂದದು. ತಿಂಗಳ ದರ 3,000ಕ್ಕೆ ಇಳಿದರೆ? ಕಿಟ್ ಸೇರಿ 1,42,000, ತಿಂಗಳಿಗೆ 3,950ರ ಹತ್ತಿರ. ಹೋಮ್‌ಸ್ಟೇಗೆ ಓಕೆ. ಅದೇ 500ರ ಫೈಬರ್‌ಗೆ ಮೂರು ವರ್ಷಕ್ಕೆ ಜಿಎಸ್‌ಟಿ ಸೇರಿ 21,240. ನಿಜವಾದ ದರ ಗೊತ್ತಾದ ದಿನ ಆ ಅಂಕಿ ಹಾಕಿ, ಹೆಜ್ಜೆ 1ರ ಹಾಳೆ ಪಕ್ಕಕ್ಕಿಟ್ಟು ನೋಡಿ. ಜಿಎಸ್‌ಟಿ ಸೇರಿದೆಯಾ, ಇಷ್ಟು ಜಿಬಿ ಆದ ಮೇಲೆ ವೇಗ ಇಳಿಸುತ್ತಾರಾ, ಊರಲ್ಲಿ ಇಲ್ಲದ ತಿಂಗಳು ನಿಲ್ಲಿಸಬಹುದಾ ಎಂದೂ ಕೇಳಿ.

ಹೆಜ್ಜೆ 8: ಹೊರದೇಶದಿಂದ ತರಿಸಬೇಡಿ

ಅಮೆರಿಕದಲ್ಲಿರುವ ಮಗ, ಗಲ್ಫ್‌ನಿಂದ ರಜೆಗೆ ಬರುವ ಅಳಿಯ, ಯಾರ ಸೂಟ್‌ಕೇಸಿನಲ್ಲೂ ಡಿಶ್ ಬರುವುದು ಬೇಡ. ಇಲ್ಲಿ ಅನುಮತಿ ಇಲ್ಲದ ಉಪಗ್ರಹ ಉಪಕರಣ ಇಟ್ಟುಕೊಳ್ಳುವುದೇ ಅಪರಾಧ. ಕಾರವಾರದಲ್ಲಿ ನೌಕಾನೆಲೆ, ಕೈಗಾದಲ್ಲಿ ಅಣು ವಿದ್ಯುತ್ ಸ್ಥಾವರ ಇರುವ ಜಿಲ್ಲೆ ನಮ್ಮದು. ಸ್ಯಾಟಲೈಟ್ ಫೋನ್ ಸಿಗ್ನಲ್ ಸಿಕ್ಕಿತು ಎಂದು ಪೊಲೀಸರು ಕಾಡು ಹುಡುಕಿದ ಸುದ್ದಿ ನೀವೇ ಓದಿರುತ್ತೀರಿ. ದೋಣಿಗೆ ಮನೆಯ ಡಿಶ್ ಕಟ್ಟುವುದೂ ಆಗದು. ಸಮುದ್ರದ ಮೇಲಿನ ಸೇವೆಗೆ ಬೇರೆಯೇ ನಿಯಮ ಇದೆ.

ಹೆಜ್ಜೆ 9: ಒಬ್ಬರೇ ಹೊರಬೇಕಾ?

ಒಂದು ಡಿಶ್‌ಗೆ ಸಿಗುವ ವೇಗ ಒಂದು ಮನೆಗೆ ಜಾಸ್ತಿಯೇ. ಆದರೆ ಪಕ್ಕದ ಮನೆಗೆ ತಂತಿ ಎಳೆದು ದುಡ್ಡು ವಸೂಲಿ ಮಾಡಿದರೆ ಕರಾರು ಮುರಿದಂತೆ. ಅದಕ್ಕೆ ಸರಿಯಾದ ದಾರಿ ಪಿಎಂ-ವಾಣಿ. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಯೋಜನೆ ಇದು. ಕಿರಾಣಿ ಅಂಗಡಿ, ಹಾಲಿನ ಸೊಸೈಟಿ, ಯಾರು ಬೇಕಾದರೂ ಲೈಸನ್ಸ್ ಇಲ್ಲದೆ ಸಣ್ಣ ಮೊತ್ತಕ್ಕೆ ವೈಫೈ ಕೊಡಬಹುದು. ನೀವು ನೋಡುತ್ತಿರುವ ಉಪಗ್ರಹ ಪ್ಲಾನ್ ಇದಕ್ಕೆ ಒಪ್ಪುತ್ತದೆಯಾ ಎಂದು ಕಂಪನಿಯನ್ನು ಬರಹದಲ್ಲೇ ಕೇಳಿ. ಒಪ್ಪಿದರೆ, 3,950 ರೂಪಾಯಿ ಎಂಟು ಮನೆಗೆ ಹಂಚಿ ತಲಾ 500ರೊಳಗೆ ಬರುತ್ತದೆ. ಒಪ್ಪದಿದ್ದರೆ ಅದೇ ಎಂಟು ಮನೆಯವರ ಸಹಿ ಹಾಕಿಸಿ, ಫೈಬರ್‌ಗೆಂದು ಪಂಚಾಯಿತಿಗೆ ಅರ್ಜಿ ಕೊಡಿ. ಡಿಶ್ ತಗೊಳ್ಳುವವರು, ವಾಪಸ್ ಕೊಡುವ ಅವಧಿ ಇದ್ದರೆ ಅದು ಜುಲೈನಲ್ಲಿ ಬರುವ ಹಾಗೆ ಆರ್ಡರ್ ಹಾಕಿ. ಜನವರಿಯ ತಿಳಿ ಆಕಾಶದಲ್ಲಿ ಎಲ್ಲ ಡಿಶ್‌ಗಳೂ ಪಾಸಾಗುತ್ತವೆ.